ಕಾಗೆ ಬಾರದ ವರ್ಷ

ನಮ್ಮಪ್ಪ ಮದುವೆಮನೆಗಳ ಅಡುಗೆಯವನು. ಬಣಕಲ್‌ನಿಂದ ಹಿಡಿದು ಕಳಸದ ತನಕ ಎಲ್ಲಿ ಮದುವೆ, ಉಪನಯನ, ಗೃಹಪ್ರವೇಶ ನಡೆದರೂ ಕೊಪ್ಪರಿಗೆಯ ಮುಂದೆ ಸೊಂಟಕ್ಕೆ ಪಂಚೆ ಬಿಗಿದು ನಿಂತಿರುತ್ತಿದ್ದವನು ಅವನೇ. ಊರಿಗೆಲ್ಲ ಪಾಯಸ ಕಾಸಿದ ಆ ಕೈ ನಮ್ಮ ಮನೆಯ ಒಲೆಯ ಮೇಲೆ ಒಂದು ಲೋಟ ಕಾಫಿ ಬಿಸಿ ಮಾಡಿದ್ದನ್ನೂ ನಾನು ಚಿಕ್ಕವಳಿದ್ದಾಗ ಕಂಡಿರಲಿಲ್ಲ. "ಮನೇಲೂ ಸೌಟು ಹಿಡಿಯೋದಾದ್ರೆ ಮನೆಗೆ ಎಂತಕ್ಕೆ ಬರೋದು?" ಎನ್ನುತ್ತಿದ್ದ. ಆದ್ದರಿಂದ ಮನೆಯ ಸೌಟು ಅಮ್ಮನದು. ಅಮ್ಮ ತಿಂಗಳಿಗೊಮ್ಮೆ ಹೊರಗೆ ಕೂತಾಗ ಮೂರು ದಿನ ಅಜ್ಜಿಯದು.

ಹೊರಗೆ ಎಂದರೆ ಸೌದೆ ಕೊಟ್ಟಿಗೆಗೆ ತಾಗಿದ ಪಕ್ಕದ ಜಗಲಿ. ಅಲ್ಲಿ ಒಂದು ಚಾಪೆ, ಒಂದು ತಟ್ಟೆ, ಒಂದು ಚೊಂಬು. ಅಮ್ಮ ಅಲ್ಲಿ ಕೂತು ಹಳೆಯ ವಾರಪತ್ರಿಕೆ ಓದುತ್ತಿದ್ದಳು. ನಾನು ಹತ್ತಿರ ಹೋದರೆ ಅಜ್ಜಿ ಒಳಗಿನಿಂದಲೇ ಕೂಗುತ್ತಿದ್ದಳು: "ಹೋಗ್ಬೇಡ್ವೇ, ಅಮ್ಮಂಗೆ ಕಾಗೆ ಮುಟ್ಟಿದೆ!" ಅದನ್ನು ನಾನು ಬಹಳ ಕಾಲ ಅಕ್ಷರಶಃ ನಂಬಿದ್ದೆ. ಅಮ್ಮನ ಮೇಲಿನ ಪ್ರೀತಿಯಿಂದ ಅಂಗಳಕ್ಕೆ ಬಂದ ಕಾಗೆಗಳಿಗೆಲ್ಲ ಕಲ್ಲು ಬೀರುತ್ತಿದ್ದೆ. ಅಮ್ಮ ನೋಡಿ ನಗುತ್ತಿದ್ದಳೇ ಹೊರತು ಅದು ಆ ಕಾಗೆಯಲ್ಲ ಎಂದು ಹೇಳಲಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ದಸರಾ ರಜೆಯಲ್ಲಿ ಕಾಗೆ ನನ್ನನ್ನೂ ಮುಟ್ಟಿತು. ನಾನಾಗ ಎಂಟನೇ ಕ್ಲಾಸು. ಅಜ್ಜಿ ಮೊದಲು ಹೇಳಿದ ಮಾತು, "ಯಾರ ಹತ್ರಾನೂ ಬಾಯಿ ಬಿಡ್ಬೇಡ. ಇದೆಲ್ಲ ಹೇಳ್ಕೊಳ್ಳೋ ವಿಷ್ಯ ಅಲ್ಲ." ನಾನು ಬಾಯಿ ಬಿಡಲಿಲ್ಲ. ಬಿಡುವ ಅಗತ್ಯವೂ ಬೀಳಲಿಲ್ಲ. ಸಂಜೆಯ ಹೊತ್ತಿಗೆ ಅಜ್ಜಿಯೇ ಸುತ್ತಲಿನ ಮನೆಗಳಿಗೆಲ್ಲ ಹೇಳಿ ಕಳಿಸಿದ್ದಳು. ನಾಲ್ಕನೇ ದಿನ ನನ್ನನ್ನು ಹಸೆಯ ಮೇಲೆ ಕೂರಿಸಿ, ಮುಡಿ ತುಂಬ ಹೂವು ಮುಡಿಸಿ, ಮಡಿಲಿಗೆ ಕೊಬ್ಬರಿ ಬೆಲ್ಲ ಹಾಕಿ, ಊರ ಹೆಂಗಸರೆಲ್ಲ ಸಾಲಾಗಿ ನಿಂತು ಆರತಿ ಎತ್ತಿ ಹಾಡು ಹೇಳಿದರು. ಅಪ್ಪ ಅಂಗಳದಲ್ಲಿ ಕಲ್ಲಿನ ಒಲೆ ಹೂಡಿ ಚಿರೋಟಿ ಕರಿದ. ಅಂಗಳ ಮನೆಯಲ್ಲ ಎನ್ನುವುದು ಅವನ ಲೆಕ್ಕ. ಪಕ್ಕದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಸೈಕಲ್ಲಿನಲ್ಲಿ ಹೋಗುವಾಗ ಇಳಿದು, "ಏನು ಭಟ್ರೇ, ವಿಶೇಷ?" ಎಂದು ಕೇಳಿದರು. ಅಪ್ಪ, "ಏನಿಲ್ಲ, ಸುಮ್ನೆ" ಎಂದು ಎರಡು ಚಿರೋಟಿ ಕೊಟ್ಟ. ರೈಟರು ಹಸೆಯ ಮೇಲಿದ್ದ ನನ್ನನ್ನೂ ಚಿರೋಟಿಯನ್ನೂ ನೋಡಿ, ಸುಮ್ಮನೆ ಅಂದರೆ ಏನೆಂದು ತಿಳಿದು ಹೊರಟರು.

ಮುಂದಿನ ಬಾರಿ ದೀಪಾವಳಿ ಕಳೆದು ಬಂತು. ಆಮೇಲೆ ಬರಲಿಲ್ಲ.

ಮೊದಮೊದಲು ನಾನು ಇದನ್ನು ನನ್ನ ಅದೃಷ್ಟವೆಂದೇ ತಿಳಿದಿದ್ದೆ. ಜಗಲಿಯಲ್ಲಿ ಚಳಿ ಜಾಸ್ತಿ. ಅಜ್ಜಿಗೂ ಮೊದಲ ತಿಂಗಳು ಸಮಾಧಾನವೇ ಆಗಿತ್ತು. ತಾಯಿ ಮಗಳು ಇಬ್ಬರೂ ಒಟ್ಟಿಗೆ ಹೊರಗೆ ಕೂತರೆ ನೀರು ಸೇದುವವರು ಯಾರು ಎನ್ನುವುದು ಅವಳ ಚಿಂತೆಯಾಗಿತ್ತು. ಸಂಕ್ರಾಂತಿ ಬಂದಾಗ ಮಾತ್ರ ಅವಳು ನನ್ನನ್ನು ಬೇರೆ ರೀತಿ ನೋಡತೊಡಗಿದಳು. ಎಳ್ಳು ಬೀರಲು ಮಾಡಿದ್ದರಲ್ಲಿ ಅರ್ಧ ಡಬ್ಬಿ ನನಗೇ ಎತ್ತಿಟ್ಟಳು. "ತಿನ್ನು, ಎಳ್ಳು ಉಷ್ಣ." ಎಳ್ಳಾದ ಮೇಲೆ ಪಪ್ಪಾಯಿ, ಪಪ್ಪಾಯಿಯಾದ ಮೇಲೆ ಶುಂಠಿ, ಮೆಂತ್ಯದ ಕಷಾಯ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಲೋಟ ಹಿಡಿದು ನಿಂತಿರುತ್ತಿದ್ದಳು. ಉಷ್ಣವೇನೋ ಆಯಿತು. ಬಾಯಿ ತುಂಬ ಹುಣ್ಣೆದ್ದು ನನಗೆ ಎರಡು ದಿನ ಮಜ್ಜಿಗೆ ಅನ್ನ ಬಿಟ್ಟು ಬೇರೇನೂ ತಿನ್ನಲಾಗಲಿಲ್ಲ. ಬರಬೇಕಾದದ್ದು ಬರಲಿಲ್ಲ.

ಔಷಧಿ ಫಲಿಸದಿದ್ದಾಗ ಅಜ್ಜಿ ದೇವಿಗೆ ಹರಕೆ ಹೊತ್ತಳು. ಹರಕೆ ಹೊತ್ತವಳು ಅವಳು, ಉಪವಾಸ ನನಗೆ. ಶುಕ್ರವಾರ ಒಪ್ಪೊತ್ತು. ಅದು ಸಾಲದೆಂದು ಮಂಗಳವಾರವೂ ಒಪ್ಪೊತ್ತು. ಮಿಕ್ಕ ದಿನ ಉಷ್ಣ ಪದಾರ್ಥ.

ಇದೇ ಸಮಯದಲ್ಲಿ ನಮ್ಮ ಮನೆಯಲ್ಲಿ ಇನ್ನೊಂದು ವೈದ್ಯವೂ ನಡೆಯುತ್ತಿತ್ತು. ಹಬ್ಬ, ಶ್ರಾದ್ಧ, ಪೂಜೆ ಹತ್ತಿರ ಬಂದಾಗ ಅಮ್ಮ ಹೊರಗಾಗಬಾರದಲ್ಲ, ಅದಕ್ಕೆ ಮುಂದೆ ಹಾಕುವ ಮಾತ್ರೆ ಇತ್ತು. ಆಲ್ದೂರಿನಲ್ಲಿದ್ದ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಮೆಡಿಕಲ್ ಶಾಪಿನಿಂದ ತಂದುಕೊಡುತ್ತಿದ್ದಳು. ಅಜ್ಜಿ ಅದನ್ನು ಅರಿಶಿನದ ಡಬ್ಬಿಯ ಹಿಂದೆ ಇಟ್ಟಿದ್ದಳು. ಆ ಶಿವರಾತ್ರಿಯ ಹಿಂದಿನ ದಿನ ಅಡುಗೆಮನೆಯಲ್ಲಿ ಅಮ್ಮ ಬರಬಾರದೆಂದು ಮಾತ್ರೆ ನುಂಗಿದಳು, ನಾನು ಬರಬೇಕೆಂದು ಕಷಾಯ ಕುಡಿದೆ. ಇಬ್ಬರಿಗೂ ನೀರಿನ ಲೋಟ ಕೊಟ್ಟವಳು ಅಜ್ಜಿ. ಅವಳ ಮುಖದಲ್ಲಿ ಒಂದಿಷ್ಟೂ ಗೊಂದಲವಿರಲಿಲ್ಲ.

ಅಮ್ಮ ಖಾಲಿ ಲೋಟ ಕೆಳಗಿಟ್ಟು ಮೆಲ್ಲಗೆ ಹೇಳಿದಳು: "ನಿನ್ನ ನೋಡಿ ನಂಗೆ ಹೊಟ್ಟೆಕಿಚ್ಚಾಗ್ತದೆ ಮಾರಾಯ್ತಿ. ನಿಂಗೆ ಬರೋದೇ ಇಲ್ಲ, ನಂಗೆ ಹೋಗೋದೇ ಇಲ್ಲ."

ನಾನು ತಮಾಷೆಯೆಂದುಕೊಂಡು ನಕ್ಕೆ. ಅಮ್ಮನೂ ನಕ್ಕಳು. ಆ ಮಾತನ್ನು ಅಜ್ಜಿಯೂ ಕೇಳಿಸಿಕೊಂಡಳು, ಬಾಗಿಲಲ್ಲಿ ನಿಂತ ಅಪ್ಪನೂ ಕೇಳಿಸಿಕೊಂಡ. ಯಾರಿಗೂ ಅದು ಕಾಯಿಲೆಯ ಮಾತೆಂದು ಅನಿಸಲಿಲ್ಲ.

ಶಿವರಾತ್ರಿಗೆ ಸೋದರತ್ತೆ ಬಂದಳು. ವಿಷಯ ಅವಳಿಗೆ ಗೊತ್ತಾಗಿತ್ತು. ಅವಳು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ತಲೆ ಬಾಚುವ ನೆಪದಲ್ಲಿ ಹಿಂದೆ ಕೂತು ವಿಚಾರಣೆ ಶುರು ಮಾಡಿದಳು.

"ಸ್ಕೂಲಿಂದ ಹೆಂಗೆ ಬರ್ತೀ?"

"ಎಸ್ಟೇಟ್ ಜೀಪಲ್ಲಿ."

ಬಾಚಣಿಗೆ ನಿಂತಿತು. ಬಣಕಲ್‌ನಿಂದ ನಮ್ಮ ಮನೆಗೆ ಎರಡು ಮೈಲಿ ಮಣ್ಣುರಸ್ತೆ. ಎಸ್ಟೇಟಿನ ಜೀಪು ಸಂಜೆ ಸಾಮಾನು ತುಂಬಿಕೊಂಡು ಬರುವಾಗ ಕೂಲಿಯವರ ಲೈನಿನ ಮಕ್ಕಳನ್ನೂ ದಾರಿಯ ಮಕ್ಕಳನ್ನೂ ಹತ್ತಿಸಿಕೊಳ್ಳುತ್ತಿತ್ತು.

"ಜೀಪಲ್ಲಿ ಯಾರ್ಯಾರು ಇರ್ತಾರೆ?"

"ಡ್ರೈವರ್ ಮಾಮ. ಲೈನಿನ ಮಕ್ಕಳು. ಗೊಬ್ಬರದ ಮೂಟೆ. ಸಂತೆ ದಿನ ಕೋಳಿನೂ ಇರ್ತಾವೆ."

"ಎಲ್ಲಿ ಕೂರ್ತೀ ನೀನು?"

"ಮೂಟೆ ಮೇಲೆ."

"ಯಾರಾದ್ರೂ ಪಕ್ಕ ಕೂರ್ತಾರಾ?"

"ಕೋಳಿ."

ಅತ್ತೆಯ ವಿಚಾರಣೆ ಅಲ್ಲಿಗೆ ಮುಗಿಯಿತು. ಜಡೆಯನ್ನು ಮಾತ್ರ ಕಣ್ಣು ಮೇಲಕ್ಕೆ ಎಳೆದುಕೊಳ್ಳುವಷ್ಟು ಬಿಗಿಯಾಗಿ ಹೆಣೆದಳು. ಸಂಜೆ ಅವಳೂ ಅಜ್ಜಿಯೂ ಪಿಸುಪಿಸು ಮಾತಾಡಿದರು. ಮಾರನೇ ದಿನದಿಂದ ನನಗೆ ಜೀಪು ಬಂದ್ ಆಯಿತು. ಹೋಗುವಾಗಿನ ಎರಡು ಮೈಲಿ ಮೊದಲೇ ಇತ್ತು, ಈಗ ಬರುವಾಗಲೂ ಎರಡು ಮೈಲಿ ನಡಿಗೆ. ಕಾರಣ ಯಾರೂ ಹೇಳಲಿಲ್ಲ. ಜೀಪು ನನ್ನನ್ನು ದಾಟಿ ಹೋಗುವಾಗ ಹಿಂದೆ ಕೂತ ಮಕ್ಕಳು ಕೈ ಬೀಸುತ್ತಿದ್ದರು. ಡ್ರೈವರ್ ಮಾಮ ನಾಲ್ಕು ದಿನ ಬ್ರೇಕ್ ಹಾಕಿ ಕೇಳಿ, ಐದನೇ ದಿನ ನನಗೇನೋ ಜಂಬ ಬಂದಿದೆಯೆಂದು ತಿಳಿದು ಧೂಳೆಬ್ಬಿಸಿ ಹೋದರು.

ಹೀಗೆ ಒಪ್ಪೊತ್ತು ಉಂಡು, ನಾಲ್ಕು ಮೈಲಿ ನಡೆದು, ನಾನು ಸಪೂರವಾದೆ. ಲಂಗದ ದಾರವನ್ನು ಎರಡು ಸುತ್ತು ಸುತ್ತಿಕೊಳ್ಳಬೇಕಾಯಿತು. ಸಪೂರವಾದದ್ದನ್ನು ಕಂಡು ಅಜ್ಜಿಗೆ ಇನ್ನಷ್ಟು ಹೆದರಿಕೆಯಾಯಿತು. ಯುಗಾದಿಗೆ ಮುಂಚೆ ಒಂದು ದಿನ, "ಮೂಡಿಗೆರೆಗೆ ಹೋಗಿ ಲೇಡಿ ಡಾಕ್ಟ್ರಿಗೆ ತೋರ್ಸೋದೇ ಸೈ. ನಾನೂ ಬರ್ತೀನಿ. ನಿಂಗೆ ಮಾತಾಡಕ್ಕೆ ಬರಲ್ಲ" ಎಂದು ಅಮ್ಮನಿಗೆ ಹೇಳಿದಳು. ಅಪ್ಪ ಬಸ್ಸು ಹತ್ತಿಸಲು ಬಂದ. ಎಲ್ಲಿಗೆ, ಯಾಕೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಂಡಕ್ಟರ್ ಕೇಳಿದಾಗ, "ಕಣ್ಣು ತೋರ್ಸಕ್ಕೆ" ಎಂದ.

ಡಾಕ್ಟರು ನಡುವಯಸ್ಸಿನ ಹೆಂಗಸು. ಗಟ್ಟಿ ಧ್ವನಿ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, "ಏನು ತೊಂದ್ರೆ ಪುಟ್ಟಿ?" ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅಜ್ಜಿ ಆರತಿಯಿಂದ ಹಿಡಿದು ಹರಕೆಯ ತನಕ ಎಲ್ಲವನ್ನೂ ಹೇಳಿ ಮುಗಿಸಿದಳು. ಡಾಕ್ಟರು ಪೂರ್ತಿ ಕೇಳಿ, "ಸರಿ, ನೀವಿಬ್ರೂ ಒಂಚೂರು ಹೊರಗಿರಿ" ಎಂದರು. ಹೊರಗಿರಿ ಎಂಬ ಮಾತನ್ನು ಅಜ್ಜಿಗೆ ಯಾರಾದರೂ ಹೇಳಿ ಎಷ್ಟೋ ವರ್ಷವಾಗಿತ್ತು. ಅವಳು ಗೊಣಗಿಕೊಂಡೇ ಎದ್ದಳು.

ಬಾಗಿಲು ಮುಚ್ಚಿದ ಮೇಲೆ ಡಾಕ್ಟರು ನನ್ನನ್ನು ಕೆಲವು ಪ್ರಶ್ನೆ ಕೇಳಿದರು. ಯಾರಾದರೂ ತೊಂದರೆ ಕೊಡುತ್ತಾರಾ, ಏನಾದರೂ ಭಯವಿದೆಯಾ, ಹೀಗೆ. ಅತ್ತೆ ಬಾಚಣಿಗೆ ಹಿಡಿದು ಕೇಳಲು ಹೊರಟದ್ದೂ ಇದನ್ನೇ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ. ಆಮೇಲೆ ತೂಕ ನೋಡಿದರು, ಹೊಟ್ಟೆ ಮುಟ್ಟಿ ನೋಡಿದರು, ರಕ್ತ ತೆಗೆಸಿದರು. ಏನು ತಿನ್ನುತ್ತೀ, ಶಾಲೆಗೆ ಹೇಗೆ ಹೋಗುತ್ತೀ ಎಂದು ಕೇಳಿದರು. ನಾನು ಹೇಳುತ್ತ ಹೋದೆ. ಅವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು.

ಅಜ್ಜಿಯನ್ನೂ ಅಮ್ಮನನ್ನೂ ಒಳಗೆ ಕರೆದಾಗ ಅಜ್ಜಿಯ ಮೊದಲ ಪ್ರಶ್ನೆ, "ಇಂಜೆಕ್ಷನ್ ಕೊಟ್ರಾ?"

"ಇಂಜೆಕ್ಷನ್ ಎಂತಕ್ಕೆ? ಶುರುವಾದ ಒಂದೆರಡು ವರ್ಷ ಹೀಗೆ ಹಿಂದೆ ಮುಂದೆ ಆಗೋದು ಉಂಟು. ಆದ್ರೆ ಮೂರು ತಿಂಗಳ ಮೇಲಾದ್ರೆ ತೋರ್ಸೋದು ಒಳ್ಳೇದು. ತೋರ್ಸಿದ್ರಿ, ಸರಿಯಾಯ್ತು. ರಕ್ತದ ರಿಪೋರ್ಟ್ ಬರ್ಲಿ, ನೋಡುವ. ಅದಕ್ಕಿಂತ ಮುಂಚೆ ಈ ಉಪವಾಸ ನಿಲ್ಸಿ."

"ಅದು ಬರ್ಲಿ ಅಂತಾನೇ ಅಲ್ವಾ ಉಪವಾಸ?"

"ಅಮ್ಮಾ, ಬೆಳೆಯೋ ಹುಡುಗಿ. ಅರ್ಧ ಹೊಟ್ಟೆ, ಮೇಲಿಂದ ನಾಲ್ಕು ಮೈಲಿ ನಡಿಗೆ. ಆ ದೇಹಕ್ಕೆ ಇರೋದನ್ನ ಉಳಿಸ್ಕೊಂಡ್ರೆ ಸಾಕಾಗಿದೆ. ಹೊಟ್ಟೆ ತುಂಬ ಊಟ ಹಾಕಿ. ಜೀಪಲ್ಲಿ ಕಳ್ಸಿ."

ಅಜ್ಜಿಯ ಮುಖ ಸಣ್ಣದಾಯಿತು. ಅಷ್ಟು ದೂರ ಬಸ್ಸಿನಲ್ಲಿ ಬಂದು, ಊಟ ಹಾಕಿ ಎಂದು ಹೇಳಿಸಿಕೊಳ್ಳುವುದು ಅವಳಿಗೆ ನಷ್ಟವೆಂದೇ ಕಂಡಿರಬೇಕು. ಅದೂ ಅಡುಗೆಯವನ ಮನೆಯವರು. ಕೊನೆಗೆ ಡಾಕ್ಟರು ಅವಳ ಸಮಾಧಾನಕ್ಕೆ ಒಂದು ಕೆಂಪು ಟಾನಿಕ್ ಬರೆದರು.

ನಾವು ಹೊರಡಲು ಎದ್ದೆವು. ಅಮ್ಮ ಎದ್ದವಳು ಮೇಜಿನ ಅಂಚು ಹಿಡಿದು ಕಣ್ಣು ಮುಚ್ಚಿ ನಿಂತಳು. ಹಾಗೆ ನಿಲ್ಲುವುದು ಮನೆಯಲ್ಲಿ ನಮಗೆಲ್ಲ ರೂಢಿಯಾಗಿತ್ತು. ಡಾಕ್ಟರಿಗೆ ಆಗಿರಲಿಲ್ಲ.

"ನೀವು ಕೂತ್ಕೊಳ್ಳಿ" ಎಂದು ಅಮ್ಮನ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು. ಉಗುರು ನೋಡಿದರು. "ನಿಮ್ದು ಹೇಗೆ? ಸರಿಯಾಗಿ ಆಗ್ತದಾ?"

ಅಮ್ಮನ ಪರವಾಗಿ ಅಜ್ಜಿ ಹೆಮ್ಮೆಯಿಂದ ಹೇಳಿದಳು: "ನಮ್ಮ ಸೊಸೆಗೆ ಆ ತೊಂದ್ರೆ ಇಲ್ಲ ನೋಡಿ. ಗಡಿಯಾರ ಇದ್ದಂಗೆ. ತಿಂಗಳಿಗೆ ಸರಿಯಾಗಿ, ಮೂರು ದಿನ."

"ಮೂರು ದಿನಾನಾ?" ಡಾಕ್ಟರು ಅಮ್ಮನನ್ನೇ ಕೇಳಿದರು.

ಅಮ್ಮ ನೆಲ ನೋಡಿದಳು. "ಹೊರಗೆ ಕೂರೋದು ಮೂರು ದಿನ."

"ಹೋಗೋದು?"

"ಎಂಟು... ಒಂಬತ್ತು. ಕೆಲವು ಸಲ ಹತ್ತು."

ಶಾಸ್ತ್ರ ಕೊಟ್ಟದ್ದು ಮೂರು ದಿನ. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡರೆ ಆಯಿತು, ಹೆಂಗಸು ಒಳಗೆ ಬಂದಳು, ಒಲೆ ಹಚ್ಚಿದಳು. ಅಮ್ಮನ ಮೈಗೆ ಆ ಶಾಸ್ತ್ರ ಗೊತ್ತಿರಲಿಲ್ಲ, ಅಷ್ಟೆ. ಹಾಗೆ ಎಷ್ಟು ವರ್ಷದಿಂದ ಎಂದು ಡಾಕ್ಟರು ಕೇಳಿದಾಗ ಅಮ್ಮ ಯೋಚಿಸಿ, ನಾನು ಮೂರನೇ ಕ್ಲಾಸಿನಲ್ಲಿದ್ದಾಗಿನಿಂದ ಎಂದಳು.

ಅಜ್ಜಿಗೆ ಬೇರೆಯೇ ಯೋಚನೆ ಬಂದಿತ್ತು. "ಅಲ್ವೇ, ಅಷ್ಟೂ ದಿನ ಒಳಗೆ ಬಂದು ಅಡುಗೆ ಮಾಡ್ತಿದ್ದೆಯಾ? ನೈವೇದ್ಯಾನೂ?"

"ಮಾಡಿದಾರೆ, ನೀವು ಉಂಡಿದೀರಿ" ಎಂದರು ಡಾಕ್ಟರು. "ನಿಮಗೇನೂ ಆಗಿಲ್ಲ. ದೇವರಿಗೂ ಏನೂ ಆದ ಹಾಗಿಲ್ಲ. ಆಗಿರೋದು ಇವರಿಗೆ. ಮೈಯಲ್ಲಿ ರಕ್ತಾನೇ ಇಲ್ಲ."

ಮಾತ್ರೆಯ ವಿಷಯವೂ ಆಗ ಹೊರಬಿತ್ತು. ಯಾವ ಡಾಕ್ಟರನ್ನೂ ಕೇಳದೆ ಅಂಗಡಿಯಿಂದ ತಂದು ನುಂಗಿಸಿದ್ದಕ್ಕೆ ಅಜ್ಜಿಗೆ ಚೆನ್ನಾಗಿ ಬೈಗುಳ ಬಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮನಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟು, ಅಜ್ಜಿ ದಾರಿಯುದ್ದಕ್ಕೂ ಟಾನಿಕ್ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮನೆ ತಲುಪಿದ ಮೇಲೆ ಬಾಟಲಿ ತೆರೆದು ಮೊದಲ ಚಮಚ ಅಮ್ಮನಿಗೆ ಕೊಟ್ಟಳು.

ನನ್ನ ರಕ್ತದ ರಿಪೋರ್ಟ್ ಬಂತು, ಏನೂ ದೋಷವಿರಲಿಲ್ಲ. ಅಮ್ಮನಿಗೆ ಸ್ಕ್ಯಾನಿಂಗ್ ಮಾಡಿಸಿದಾಗ ಗರ್ಭಕೋಶದಲ್ಲಿ ಗಡ್ಡೆಗಳಿದ್ದವು. ಮೊದಲು ರಕ್ತ ಕೊಟ್ಟು ಆಮೇಲೆ ಆಪರೇಷನ್ ಮಾಡಬೇಕು, ಮಂಗಳೂರಿಗೆ ಹೋಗಿ ಎಂದರು. ಸರಿಯಾಗಿ ಮದುವೆ ಸೀಸನ್ ಶುರುವಾಗುವ ಹೊತ್ತು. ಅಪ್ಪ ಒಪ್ಪಿಕೊಂಡಿದ್ದ ಮದುವೆಗಳನ್ನು ತನ್ನ ಜೊತೆಯ ಅಡುಗೆಯವರಿಗೆ ಬಿಟ್ಟುಕೊಟ್ಟು, ಅಮ್ಮನನ್ನು ಕರೆದುಕೊಂಡು ಚಾರ್ಮಾಡಿ ಘಾಟಿ ಇಳಿದ. ಹೋಗುವ ಮುನ್ನ ನನಗೆ ಹೇಳಿದ್ದಿಷ್ಟೇ: "ಸಾರಿಗೆ ಹುಣಸೆಹಣ್ಣು ಜಾಸ್ತಿ ಹಾಕ್ಬೇಡ."

ಮನೆಯಲ್ಲಿ ಉಳಿದವರು ನಾನು ಮತ್ತು ಅಜ್ಜಿ. ಅಜ್ಜಿಯ ಮಂಡಿ ಊದಿಕೊಂಡು ಒಲೆಯ ಮುಂದೆ ಕೂರಲು ಆಗುತ್ತಿರಲಿಲ್ಲ. ಪರೀಕ್ಷೆ ಮುಗಿದು ನನಗೆ ರಜೆ. ಅಜ್ಜಿ ಬಾಗಿಲ ಬಳಿ ಮಣೆ ಹಾಕಿ ಕೂತು ಹೇಳುತ್ತಿದ್ದಳು, ನಾನು ಬೇಯಿಸುತ್ತಿದ್ದೆ. ಉಪವಾಸ ನಿಂತಿತ್ತು. ಡಾಕ್ಟರ ಮಾತಿಗೆ ಅಜ್ಜಿ ಕೊಟ್ಟ ಬೆಲೆ ಹೇಗಿತ್ತೆಂದರೆ ನಾನು ಸಾಕು ಅಂದ ಮೇಲೆ ಇನ್ನೊಂದು ಸೌಟು ಅನ್ನ ಬೀಳಲೇಬೇಕಿತ್ತು.

ಅಮ್ಮನ ಆಪರೇಷನ್ ಚೆನ್ನಾಗಾಯಿತೆಂದು ಎಸ್ಟೇಟಿನ ಆಫೀಸಿಗೆ ಫೋನು ಬಂದು, ರೈಟರು ಬಂದು ತಿಳಿಸಿದರು. ಅದರ ಮಾರನೇ ಬೆಳಿಗ್ಗೆ ನನಗೆ ಬಂತು.

ನಾನು ಕಲಿತ ಪಾಠದ ಪ್ರಕಾರ ಸೀದಾ ಪಕ್ಕದ ಜಗಲಿಗೆ ಹೋಗಿ ಚಾಪೆ ಹಾಸಿ ಕೂತೆ. ಅಡುಗೆಮನೆಯಲ್ಲಿ ಸದ್ದು ಕೇಳಿಸದೆ ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು.

"ಇಲ್ಲೆಂತಕ್ಕೆ ಕೂತೆ?"

"ಬಂತು ಅಜ್ಜಿ."

ಅಜ್ಜಿಯ ಎರಡೂ ಕೈ ತಾವಾಗಿಯೇ ಜೋಡಿಸಿಕೊಂಡವು. "ಅಮ್ಮಾ ತಾಯೀ" ಎಂದಳು. ಅವಳ ಕಣ್ಣಲ್ಲಿ ನೀರು ಬಂದದ್ದು ನಿಜ. ಆಮೇಲೆ ಅವಳು ಒಮ್ಮೆ ಅಡುಗೆಮನೆಯ ಕಡೆ ನೋಡಿದಳು, ಹೊಗೆಯಿರಲಿಲ್ಲ. ತನ್ನ ಮಂಡಿ ನೋಡಿಕೊಂಡಳು. ಮತ್ತೆ ನನ್ನನ್ನು ನೋಡಿದಳು. ಜೋಡಿಸಿದ ಕೈ ಮೆಲ್ಲಗೆ ಬಿಡಿಸಿಕೊಂಡಿತು.

"ಏನಂದೆ? ನಂಗೆ ಕಿವಿ ಸರಿಯಾಗಿ ಕೇಳಲ್ಲ."

"ಬಂತು ಅಂದೆ."

"ನೀನು ಏನೂ ಅನ್ಲಿಲ್ಲ. ಏಳು. ತಲೆಗೆ ನೀರು ಹಾಕ್ಕೊಂಡು ಹೋಗಿ ಅಕ್ಕಿ ತೊಳಿ."

"ದೇವರ ನೈವೇದ್ಯಕ್ಕೆ?"

"ದೇವರಿಗೆ ಬಾಳೆಹಣ್ಣು ಇಟ್ರಾಯ್ತು. ಅವ್ರಿಗೇನು ಹೊಟ್ಟೆ ಹಸೀತದಾ, ನಮಗೆ ಹಸೀತದೆ."

ಮೊದಲ ಸಲ ಬಂದದ್ದಕ್ಕೆ ಊರಿಗೆಲ್ಲ ಹೇಳಿ ಆರತಿ ಎತ್ತಿಸಿದವಳು, ಮನೆಯೆಲ್ಲ ತಿಂಗಳುಗಟ್ಟಲೆ ಕಾದು ಈ ಸಲ ಬಂದದ್ದನ್ನು ನನಗೂ ತನಗೂ ಕೂಡ ತಿಳಿಯದಂತೆ ಮುಚ್ಚಿಹಾಕಿದಳು. ನಾನು ಅಕ್ಕಿ ತೊಳೆದೆ.

ಅದೇ ಮಧ್ಯಾಹ್ನ ಅಮ್ಮನ ಸೀರೆಗಳನ್ನು ಒಯ್ಯಲು ಅಪ್ಪ ಬಂದ. ಆಸ್ಪತ್ರೆಯ ಹೊರಗಿನ ಹೋಟೆಲುಗಳ ಊಟ ಉಂಡು ಬಳಲಿದ್ದ. ಎಲೆಯ ಮುಂದೆ ಕೂತು ಅನ್ನಕ್ಕೆ ಸಾರು ಕಲಸಿ, ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿದ.

"ಯಾರು ಮಾಡಿದ್ದು?"

"ನಾನೇ" ಎಂದಳು ಅಜ್ಜಿ ಬಾಗಿಲಿಂದ.

"ಕೈ ಬದಲಾದಂಗಿದೆ."

"ವಯಸ್ಸಾಯ್ತು. ಕೈ ಬದಲಾಗದೆ ಇರ್ತದಾ?"

"ಹುಣಸೆಹಣ್ಣು ಹದವಾಗಿದೆ. ಉಪ್ಪು ಮಾತ್ರ ಒಂದು ಚಿಟಿಕೆ ಕಮ್ಮಿ" ಎಂದು ಅಪ್ಪ ಇನ್ನೊಂದು ಸಲ ಬಡಿಸಿಕೊಂಡ. ಅಪ್ಪನ ನಾಲಗೆಗೆ ಗೊತ್ತಾಗದ್ದು ಏನೂ ಇರಲಿಲ್ಲವೆಂದು ಇವತ್ತಿಗೂ ನನ್ನ ನಂಬಿಕೆ.

ಅಮ್ಮ ಮನೆಗೆ ಬಂದ ಮೇಲೆ ಭಾರ ಎತ್ತಬಾರದು, ಬಗ್ಗಬಾರದು ಎಂದಿದ್ದರು. ಆಗ ಅಪ್ಪ ಅಡುಗೆಮನೆಗೆ ಕಾಲಿಟ್ಟ. ನಾಲ್ಕು ಜನಕ್ಕೆ ಅಳತೆ ಅವನಿಗೆ ಗೊತ್ತಿರಲಿಲ್ಲ. ಮೊದಲ ದಿನದ ಹುಳಿಯನ್ನು ಎಸ್ಟೇಟಿನ ಲೈನಿಗೂ ರೈಟರ ಮನೆಗೂ ಕಳಿಸಬೇಕಾಯಿತು. ಅಮ್ಮ ಮಂಚದ ಮೇಲೆ ಮಲಗಿ, "ನಮ್ಮನೇಲಿ ಯಾರದ್ರೀ ಮದ್ವೆ?" ಎಂದು ಕೂಗಿ ಕೇಳಿದಳು.

ನೋಡಲು ಬಂದ ಸೋದರತ್ತೆ ಎಲ್ಲವನ್ನೂ ಗಮನಿಸಿ, ಹುಡುಗಿ ಹೊರಗಾದಾಗ ಹೇಗೆ ಮಾಡುತ್ತೀರಿ, ಅಪ್ಪನೇ ಬಡಿಸುತ್ತಾನಾ ಎಂದು ಕೇಳಿದಳು. ಅಜ್ಜಿ, "ನೀನು ಬಂದು ಇದ್ದುಬಿಡೇ. ಪ್ರತಿ ತಿಂಗಳೂ ಬಾ" ಎಂದಳು. ಅತ್ತೆಗೆ ನಾಲ್ಕು ಗಂಟೆಯ ಬಸ್ಸು ಹಿಡಿಯಬೇಕಿತ್ತು.

ನನ್ನದು ಇನ್ನೂ ಒಂದು ವರ್ಷ ತನಗಿಷ್ಟ ಬಂದಾಗ ಬಂತು, ಹೋಯಿತು. ಒಮ್ಮೆ ತಿಂಗಳಿಗೆ ಮುಂಚೆ, ಒಮ್ಮೆ ಎರಡು ತಿಂಗಳಿಗೆ. ಆಮೇಲೆ ಯಾವಾಗ ಸರಿಹೋಯಿತೆಂದು ನನಗೂ ನೆನಪಿಲ್ಲ. ಕಷಾಯ ಮತ್ತೆ ಬರಲಿಲ್ಲ. ನಾನು ಜೀಪಿನಲ್ಲಿ ಗೊಬ್ಬರದ ಮೂಟೆಯ ಮೇಲೆ ಕೂತು ಶಾಲೆಯಿಂದ ಬರತೊಡಗಿದೆ. ಜಗಲಿಯಲ್ಲಿ ಕೂರುವುದು ಪೂರ್ತಿ ನಿಲ್ಲಲಿಲ್ಲ. ನೆಂಟರು ಬಂದಾಗ ಕೂರುತ್ತಿದ್ದೆ, ಅವರ ಬಸ್ಸು ಹೊರಟ ಮೇಲೆ ಒಳಗೆ ಬರುತ್ತಿದ್ದೆ.

ಮಳೆಗಾಲ ಕಳೆದ ಮೇಲೆ ಅಮ್ಮನನ್ನು ಇನ್ನೊಮ್ಮೆ ತೋರಿಸಲು ಮೂಡಿಗೆರೆಗೆ ಹೋದೆವು, ನಾನೂ ಅಮ್ಮನೂ ಇಬ್ಬರೇ. ಡಾಕ್ಟರು ಅಮ್ಮನ ಕಣ್ಣು ನೋಡಿ ಚೆನ್ನಾಗಿದೆ ಎಂದರು. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಅಮ್ಮ ಮಸಾಲೆ ದೋಸೆ ತರಿಸಿದಳು. ಅಡುಗೆಯವನ ಹೆಂಡತಿ ಹೋಟೆಲಿನಲ್ಲಿ ತಿಂದದ್ದನ್ನು ಅಪ್ಪನಿಗೆ ಹೇಳಕೂಡದೆಂದು ಮೊದಲೇ ಮಾತು ತೆಗೆದುಕೊಂಡಳು. ಅವಳ ಕೆನ್ನೆಯಲ್ಲಿ ನಾನು ಚಿಕ್ಕಂದಿನಿಂದ ಕಾಣದ ಒಂದು ಬಣ್ಣ ಬಂದಿತ್ತು.

"ಅಲ್ವೇ, ಕಾಯ್ಲೆ ನಿಂದು ಅಂತ ಹೋದ್ವಿ. ಕೊಯ್ದಿದ್ದು ನನ್ನ ಹೊಟ್ಟೆ" ಎಂದಳು ದೋಸೆ ಮುರಿಯುತ್ತ.

"ಹೌದಲ್ಲ."

"ಮುಂದಿನ್ಸಲ ಅಜ್ಜಿ ಮಂಡಿ ತೋರ್ಸಕ್ಕೆ ಬರೋಣ. ಅಪ್ಪಂಗೆ ಎಂತ ಇದೆ ಅಂತ ಗೊತ್ತಾಗ್ತದೆ."

ಹೇಳಿ ತಾನೇ ನಕ್ಕಳು. ನಕ್ಕು ನಕ್ಕು ಕೆಮ್ಮು ಬಂದು ನೀರು ಕುಡಿಯಬೇಕಾಯಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು, ಮಾಣಿಯನ್ನು ಕರೆದು, ಇನ್ನೊಂದು ದೋಸೆ ಹೇಳಿದಳು.